ಮಲಗಿ ಏಳೋ ಕಸರತ್ತು ಬೇಕೋ? ಬೇಡವೋ?

 

'ಆರೋಗ್ಯವೇ ಭಾಗ್ಯ' ಅಂತ ಪ್ರಬಂಧದ ಮೊದಲ ಸಾಲಿನಲ್ಲಿ ನಾವೆಲ್ಲರೂ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಹತ್ತಕ್ಕೆ ಎಂಟು ಅಂಕವೂ ಬಂದಿದೆ. ಆದರೆ ಕಳೆದ ತಿಂಗಳು ನಮ್ಮ ಮೈದಾನದಲ್ಲಿ ನಡೆದ ಒಂದು ಸಂಗತಿಯಿಂದ, ಆ ಮಾತು ಬರೆಯೋದು ಸುಲಭ, ಪಾಲಿಸೋದು ಕಷ್ಟ ಅಂತ ನನಗೆ ಗೊತ್ತಾಯಿತು. ಆದ್ದರಿಂದ ಈ ಸಲ ಗೋಡೆ ಪತ್ರಿಕೆಗೆ ಕಥೆ, ಒಗಟು ಕೊಡದೆ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ದೊಡ್ಡವರು ತಪ್ಪು ತಿಳಿಯಬಾರದು.

ನಾನು ಹೇಳುತ್ತಿರುವುದು ಸಿಟಪ್ ವಿಷಯ. ಕೆಲವರು ಬಸ್ಕಿಗೂ ಸಿಟಪ್ ಅಂತಾರೆ. ನಾನು ಹೇಳೋದು ಅದಲ್ಲ. ನೆಲದ ಮೇಲೆ ಅಂಗಾತ ಮಲಗಿ, ಕಾಲು ನೆಟ್ಟಗೆ ಚಾಚಿ, ಎರಡೂ ಕೈ ತಲೆ ಹಿಂದೆ ಕಟ್ಟಿ, ಇನ್ನೊಬ್ಬ ಪಾದ ಅದುಮಿ ಹಿಡಿದಿರುವಾಗ ಪೂರ್ತಿ ಎದ್ದು ಹಣೆ ಮಂಡಿಗೆ ಮುಟ್ಟಿಸುತ್ತೀವಲ್ಲ, ಆ ಕಸರತ್ತು. ನಮ್ಮ ಅಪ್ಪನೂ ಶಾಲೆಯಲ್ಲಿ ಇದನ್ನೇ ಮಾಡಿದ್ದರಂತೆ. ಬೆಳಿಗ್ಗೆ ನಮ್ಮ ಮೈದಾನದಲ್ಲಿ ಓಡೋಕೆ ಬರುವ ಅಣ್ಣಂದಿರೂ ಇದನ್ನೇ ಮಾಡುತ್ತಾರೆ. ಅವರನ್ನು ನೋಡಿ ನಾವೂ ಕಲಿತೆವು.

ನಡೆದದ್ದು ಏನು?

ಅವತ್ತು ಆಟದ ಪೀರಿಯಡ್. ದೈಹಿಕ ಶಿಕ್ಷಣದ ಮೇಷ್ಟ್ರು ಮೀಟಿಂಗಿಗೆ ಹೋಗಿದ್ದರು. ನಾವು ಹುಡುಗರೇ ಸೇರಿ ಕಿಟಕಿ ಸಾಲಿಗೂ ಬಾಗಿಲು ಸಾಲಿಗೂ ಪಂದ್ಯ ಕಟ್ಟಿದೆವು. ಯಾವ ಸಾಲಿನವನು ಜಾಸ್ತಿ ಸಿಟಪ್ ಹೊಡೀತಾನೋ ಆ ಸಾಲಿಗೆ ಕಡ್ಲೆಮಿಠಾಯಿ. ನಮ್ಮ ಸಾಲಿನಿಂದ ನನ್ನ ಗೆಳೆಯ ಮಲಗಿದ. ಅವನ ಕಾಲು ಹಿಡಿದವನು ನಾನೇ.

ಬಾಗಿಲು ಸಾಲಿನವನು 60 ಹೊಡೆದಿದ್ದ. ನನ್ನ ಗೆಳೆಯ ನಲವತ್ತಕ್ಕೆ ಬಂದಾಗ "ಸೊಂಟ ಹಿಡೀತೈತೆ ಕಣ್ಲಾ, ಬಿಡು" ಅಂದ. ನಾನು ಬಿಡಲಿಲ್ಲ. "ಇನ್ನ ಇಪ್ಪತ್ತು ಕಣೋ, ಏಳೋ ಏಳೋ" ಅಂತ ಕಿರುಚಿದೆ. ಸುತ್ತ ನಿಂತವರೆಲ್ಲ ಕಿರುಚಿದರು. ಅವನು 63ಕ್ಕೆ ನಿಲ್ಲಿಸಿದ. ನಾವು ಗೆದ್ದೆವು. ಮಿಠಾಯಿ ಹಂಚುವಾಗ ಅವನಿಗೆ ನೆಟ್ಟಗೆ ಕೂರೋಕೆ ಆಗಲಿಲ್ಲ. ಮಲಗಿಕೊಂಡೇ ತಿಂದ. ನಾವು ನಕ್ಕೆವು.

ಮಾರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಸೊಂಟದ ಸ್ನಾಯು ಉಳುಕಿದೆ, ಮೂಳೆಗೆ ಏನೂ ಆಗಿಲ್ಲ, ಸ್ವಲ್ಪ ದಿನ ಭಾರ ಎತ್ತಬೇಡ, ಕುಣೀಬೇಡ ಅಂದರಂತೆ. ಒಂಬತ್ತು ದಿನ ಅವನ ಜಾಗ ಖಾಲಿ. ಹೋಬಳಿ ಮಟ್ಟದ ಖೋಖೋದಲ್ಲಿ ಅವನಷ್ಟು ಚೆನ್ನಾಗಿ ಪೋಲ್ ಹೊಡೆಯುವವನು ನಮ್ಮಲ್ಲಿ ಇನ್ನೊಬ್ಬನಿಲ್ಲ. ಅವನಿಲ್ಲದೆ ನಾವು ಸೋತು ಬಂದೆವು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಅವರಮ್ಮ "ಇನ್ಮೇಲೆ ಆಟಾನೇ ಬ್ಯಾಡ, ಓದಿದ್ರೆ ಸಾಕು" ಅಂದುಬಿಟ್ಟಿದ್ದಾರೆ. ಅವರ ಅಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ಮೂಟೆ ಎತ್ತುವ ಕೆಲಸ ಮಾಡುತ್ತಾರೆ. ಸೊಂಟ ಹೋದರೆ ಮನೆ ಹೇಗೆ ನಡೆಯುತ್ತೆ ಅಂತ ಆ ತಾಯಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವರ ಮಾತು ತಪ್ಪು ಅಂತ ನಾನು ಹೇಳಲಾರೆ.

ಹಾಗಾದರೆ ಈ ಕಸರತ್ತನ್ನು ಬಿಟ್ಟೇ ಬಿಡಬೇಕೇ?

ಇದರಿಂದ ಆಗುವ ಲಾಭಗಳು

ಒಂದನೆಯದಾಗಿ, ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಹೊಟ್ಟೆ ಅಂದರೆ ಬರೀ ಊಟದ ಚೀಲ ಅಲ್ಲ. ಮುಂದೆ ಹೊಟ್ಟೆಯ ಸ್ನಾಯು, ಹಿಂದೆ ಬೆನ್ನಿನ ಸ್ನಾಯು, ಎರಡೂ ಸೇರಿ ನಮ್ಮ ನಡುವನ್ನು ಹಿಡಿದು ನಿಲ್ಲಿಸುತ್ತವೆ. ಓಡುವಾಗ, ಕಬಡ್ಡಿಯಲ್ಲಿ ಹಿಡಿತ ಬಿಡಿಸಿಕೊಳ್ಳುವಾಗ, ಕೊಡ ಹೊರುವಾಗ ಇವೇ ಕೆಲಸ ಮಾಡುವುದು.

ಎರಡನೆಯದಾಗಿ, ಇದಕ್ಕೆ ಕಾಸು ಖರ್ಚಿಲ್ಲ. ಚೆಂಡು ಬೇಡ, ನೆಟ್ ಬೇಡ, ಒಂದು ಗೋಣಿಚೀಲ ಸಾಕು. ನಮ್ಮಂಥ ಹಳ್ಳಿ ಶಾಲೆಗೆ ಇದು ಸಣ್ಣ ಮಾತಲ್ಲ.

ಮೂರನೆಯದಾಗಿ, ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ನಿನ್ನೆ ಆಗದ್ದು ಇವತ್ತು ಆಗುತ್ತದೆ. ಆ ಖುಷಿಯೇ ಬೇರೆ.

ಇದರಿಂದ ಆಗುವ ಅಪಾಯಗಳು

ಇದನ್ನು ವಿಜ್ಞಾನದ ಮೇಷ್ಟ್ರು ನಮಗೆ ಬೆಂಚಿನ ಮೇಲೆ ಒಬ್ಬನನ್ನು ಮಲಗಿಸಿ ತೋರಿಸಿದರು. ನೀವೂ ಮನೆಯಲ್ಲಿ ಮಾಡಿ ನೋಡಿ. ಅಂಗಾತ ಮಲಗಿ ಹೊಟ್ಟೆ ಮೇಲೆ ಕೈಯಿಟ್ಟು ಬರೀ ತಲೆ, ಭುಜ ಎತ್ತಿ. ಹೊಟ್ಟೆ ಕಲ್ಲಿನ ಹಾಗೆ ಆಗುತ್ತದೆ. ಅಲ್ಲಿಗೆ ಹೊಟ್ಟೆಯ ಮುಖ್ಯ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಪೂರ್ತಿ ಏಳುವಾಗ ಕೆಲಸ ಹೆಚ್ಚಾಗಿ ತೊಡೆಯ ಬುಡದ ಸ್ನಾಯುಗಳದ್ದು. ಅವುಗಳಲ್ಲಿ ಒಂದು, ಸೊಂಟದ ಬೆನ್ನೆಲುಬಿನಿಂದ ಹೊರಟು ತೊಡೆ ಮೂಳೆಯ ಮೇಲ್ತುದಿಗೆ ಅಂಟಿಕೊಂಡಿದೆ. ಬಾವಿಯ ಹಗ್ಗ ರಾಟೆಯನ್ನು ಜಗ್ಗುವ ಹಾಗೆ ಅದು ಬೆನ್ನೆಲುಬನ್ನೇ ಜಗ್ಗುತ್ತದೆ. ಯಾರಾದರೂ ಕಾಲು ಅದುಮಿ ಹಿಡಿದರೆ ಜಗ್ಗುವುದು ಇನ್ನೂ ಜಾಸ್ತಿ. ಅಂದರೆ ನಾನು ಗೆಳೆಯನಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು ಅವನ ಸೊಂಟಕ್ಕೇ ಭಾರ ಹಾಕುತ್ತಿದ್ದೆ.

ಬೆನ್ನೆಲುಬಿನ ಒಂದೊಂದು ಮೂಳೆಯ ಮಧ್ಯೆ ಮೆತ್ತೆಯಂಥ ಬಿಲ್ಲೆಗಳಿವೆ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಸ್ಟುವರ್ಟ್ ಮೆಗಿಲ್ ಎಂಬುವರು ಬೆನ್ನಿನ ವಿಷಯವನ್ನೇ ಬಹಳ ವರ್ಷ ಅಭ್ಯಾಸ ಮಾಡಿದವರು. ದೊಡ್ಡವರು ಒಂದು ಪೂರ್ತಿ ಸಿಟಪ್ ಮಾಡಿದರೆ ಸೊಂಟದ ಮೂಳೆಗಳ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಬೀಳುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಮೇಷ್ಟ್ರು ಅದನ್ನು ನಮಗೆ ಕೆ.ಜಿ. ಲೆಕ್ಕದಲ್ಲಿ ಹೇಳಿದರು. 50 ಕೆ.ಜಿ.ಯ ಆರು ಅಕ್ಕಿ ಮೂಟೆಗಿಂತ ಜಾಸ್ತಿ! ಒಂದು ಸಲ ಎದ್ದರೇ ಇಷ್ಟು. 63 ಸಲ ಎದ್ದರೆ? ಮಂಡಿ ಮಡಿಸಿದರೂ ಪೂರ್ತಿ ಎದ್ದರೆ ಒತ್ತಡ ಅಷ್ಟೇನೂ ಕಮ್ಮಿ ಆಗುವುದಿಲ್ಲವಂತೆ. ಆದ್ದರಿಂದ ಅರ್ಧಕ್ಕೇ ನಿಲ್ಲಿಸುವುದು ಜಾಣತನ. ಇದನ್ನು ಮಾಡಿದವರಿಗೆಲ್ಲ ಸೊಂಟ ನೋಯುತ್ತದೆ ಅಂತಲ್ಲ. ಬಾಗಿಲು ಸಾಲಿನವನಿಗೆ ಏನೂ ಆಗಲಿಲ್ಲ. ಆದರೆ ಯಾರ ಸೊಂಟ ತಡೆಯುತ್ತೆ, ಯಾರದ್ದು ತಡೆಯೋದಿಲ್ಲ ಅಂತ ಮುಖ ನೋಡಿ ಹೇಳೋಕಾಗಲ್ಲವಲ್ಲ.

ಕತ್ತಿನ ವಿಷಯ ಇನ್ನೊಂದು. ಸುಸ್ತಾದಾಗ ನಾವು ಹೊಟ್ಟೆಯಿಂದ ಏಳೋದಿಲ್ಲ, ಕೈಯಿಂದ ತಲೆ ಹಿಡಿದು ಎಳೆದುಕೊಂಡು ಏಳುತ್ತೇವೆ. ಅದರಿಂದ ಕತ್ತು ಉಳುಕುತ್ತದೆ.

ಇನ್ನು ಒಂದು ಸುಳ್ಳು ನಂಬಿಕೆ. ಸಿಟಪ್ ಹೊಡೆದರೆ ಹೊಟ್ಟೆಯ ಬೊಜ್ಜು ಕರಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದಲ್ಲಿ ಕೆಲವರಿಂದ 27 ದಿನಗಳಲ್ಲಿ ಒಟ್ಟು 5,004 ಸಿಟಪ್ ಮಾಡಿಸಿ ನೋಡಿದರಂತೆ. ಆ ಪರೀಕ್ಷೆಯ ಫಲ 1984ರಲ್ಲಿ ಪ್ರಕಟವಾಯಿತು. ಬೇರೆ ಕಡೆಯ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ವಿಶೇಷವಾಗಿ ಏನೂ ಕರಗಿರಲಿಲ್ಲ. ಬೊಜ್ಜು ಕರಗಬೇಕಾದರೆ ಓಡಬೇಕು, ಆಡಬೇಕು, ಊಟ ಹಿತಮಿತವಾಗಿರಬೇಕು.

ದೊಡ್ಡವರು ಏನು ಮಾಡಿದ್ದಾರೆ?

ಅಮೆರಿಕದ ಸೈನ್ಯದಲ್ಲಿ 1980ರಿಂದ ಎರಡು ನಿಮಿಷದ ಸಿಟಪ್ ಪರೀಕ್ಷೆ ಇತ್ತು. ಅಲ್ಲೂ ಒಬ್ಬ ಕಾಲು ಹಿಡಿಯುತ್ತಿದ್ದ. 2022ರಲ್ಲಿ ಜಾರಿಗೆ ಬಂದ ಹೊಸ ಪರೀಕ್ಷೆಯಲ್ಲಿ ಅದನ್ನು ತೆಗೆದರು. ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಎಂಬ ಕಸರತ್ತು ಬಂತು. ನಮ್ಮ ದೇಶದ ಖೇಲೋ ಇಂಡಿಯಾ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲಿ 4ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಇರುವುದೂ ಪೂರ್ತಿ ಸಿಟಪ್ ಅಲ್ಲ. ಮಂಡಿ ಮಡಿಸಿ ಅರ್ಧ ಮಾತ್ರ ಏಳುವ 'ಪಾರ್ಶಿಯಲ್ ಕರ್ಲ್ ಅಪ್', ಅದೂ 30 ಸೆಕೆಂಡು. ಬೆಳಿಗ್ಗೆ ಓಡೋಕೆ ಬರುವ ಅಣ್ಣಂದಿರಿಗೂ ಒಂದು ಮಾತು. ನೀವು ಹೋಗಬೇಕೆಂದಿರುವ ನಮ್ಮ ಸೇನಾ ಭರ್ತಿಯಲ್ಲಿ 1.6 ಕಿ.ಮೀ. ಓಟ, ಬೀಮ್, 9 ಅಡಿ ಹಳ್ಳ ಹಾರುವುದು, ಅಂಕುಡೊಂಕು ಹಲಗೆ ಮೇಲೆ ನಡೆಯುವುದು ಇದೆ. ಸಿಟಪ್ ಇಲ್ಲ!

ನಮ್ಮ ತಾತ ಚಿಕ್ಕಂದಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಅವರನ್ನು ಕೇಳಿದೆ. "ನಾವು ಕಾಲು ಹಿಡಿಸ್ಕಂಡು ಏಳ್ತಿರ್ಲಿಲ್ಲ ಕಣಪ್ಪ. ದಂಡ ಹೊಡೀತಿದ್ವಿ, ಬಸ್ಕಿ ಹೊಡೀತಿದ್ವಿ, ಮಟ್ಟಿ ಅಗೀತಿದ್ವಿ. ಹೊಟ್ಟೆ ತಾನೇ ಗಟ್ಟಿ ಆಗ್ತಿತ್ತು. ಉಸ್ತಾದ್ರು ಸಾಕು ಅಂದ್ರೆ ಸಾಕು. ಪಂದ್ಯ ಕಟ್ಟಿ ಕಸರತ್ತು ಮಾಡಿದ್ರೆ ಬೈತಿದ್ರು. ಪಂದ್ಯ ಕುಸ್ತೀಲಿ, ಕಸರತ್ತಲ್ಲಿ ಅಲ್ಲ" ಅಂದರು. ತೆಂಗಿನಕಾಯಿ ಮೂಟೆ ಎತ್ತುವಾಗಲೂ ತಾತ ಹೇಳುವುದು ಒಂದೇ ಮಾತು. "ಮಂಡಿ ಮಡ್ಸು, ಸೊಂಟ ಬಗ್ಗಿಸಬ್ಯಾಡ."

ಈ ಮಾತು ಕೇಳಿದ ಮೇಲೆ ನನಗೆ ಬೇಲೂರಿನ ಪ್ರವಾಸ ಜ್ಞಾಪಕಕ್ಕೆ ಬಂತು. ಹುಲಿ ಹೊಡೆಯುವ ಸಳನನ್ನು ನೋಡಿದ್ದೀರಲ್ಲ? ಅವನೂ ಮಂಡಿ ಬಗ್ಗಿಸಿಯೇ ಇರಿಯುತ್ತಿದ್ದಾನೆ! ಇನ್ನೊಂದು ವಿಷಯ ಮೇಷ್ಟ್ರು ಹೇಳಿದ್ದು. ಆ ಚೆನ್ನಕೇಶವ ದೇವಸ್ಥಾನವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯ ಮೇಲೆ 'ಶಾಂತಲಾ' ಎಂಬ ಕಾದಂಬರಿ ಬರೆದವರು ಕೆ.ವಿ. ಅಯ್ಯರ್. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ಅಂಗಸಾಧಕರು. ಸೂರ್ಯನಮಸ್ಕಾರದ ಮೇಲೂ ಪುಸ್ತಕ ಬರೆದಿದ್ದಾರೆ. ಮೈ ಬೆಳೆಸುವವನಿಗೆ ಬುದ್ಧಿ ಇರಲ್ಲ, ಓದುವವನಿಗೆ ಮೈ ಬೇಡ ಅನ್ನುವವರಿಗೆ ಇವರೇ ಉತ್ತರ. ನನ್ನ ಗೆಳೆಯನ ಅಮ್ಮನಿಗೂ ಇದನ್ನು ಹೇಳಬೇಕು ಅಂತ ಇದ್ದೇನೆ.

ನನ್ನ ಅಭಿಪ್ರಾಯ

ಕಸರತ್ತು ಬೇಡ ಅನ್ನುವುದು ತಪ್ಪು. ಹಳೇ ಥರಾನೇ ಮಾಡೋಣ ಅನ್ನುವುದೂ ತಪ್ಪು. ರೀತಿ ಬದಲಾಗಬೇಕು. ನಾನು ಸೂಚಿಸುವುದು ಇಷ್ಟು.

1. ಮಂಡಿ ಮಡಿಸಿ, ತಲೆ ಮತ್ತು ಭುಜ ಮಾತ್ರ ಎತ್ತಬೇಕು. ಒಂದು ಮಂಡಿ ಮಡಿಸಿ, ಒಂದು ಕಾಲು ಚಾಚಿ, ಕೈ ಸೊಂಟದ ಕೆಳಗಿಟ್ಟುಕೊಂಡು ಮಾಡುವುದು ಮೆಗಿಲ್ ಅವರು ಹೇಳಿಕೊಟ್ಟ ಕ್ರಮ.

2. ಯಾರೂ ಯಾರ ಕಾಲನ್ನೂ ಅದುಮಿ ಹಿಡಿಯಬಾರದು. ತಲೆ ಹಿಡಿದು ಎಳೆಯಬಾರದು. ಉಸಿರು ಕಟ್ಟಬಾರದು.

3. ಬಿಸಿಯೂಟ ಉಂಡ ತಕ್ಷಣ ಮಾಡಬಾರದು. ಹೊಟ್ಟೆ ಆಪರೇಷನ್ ಆದವರು, ಹರ್ನಿಯಾ ಇರುವವರು, ಸೊಂಟ ನೋವಿರುವವರು ಡಾಕ್ಟರನ್ನು ಕೇಳದೆ ಮಾಡಬಾರದು.

4. ಯಾರು ಜಾಸ್ತಿ ಹೊಡೀತಾರೆ ಅನ್ನುವ ಪಂದ್ಯ ಬೇಡ. ಎಂಟೋ ಹತ್ತೋ, ಸರಿಯಾಗಿ ಮಾಡಿದರೆ ಅದೇ ಗೆಲುವು.

5. ಹೆಣ್ಣುಮಕ್ಕಳನ್ನು ಬರೀ ಎಣಿಸೋಕೆ ನಿಲ್ಲಿಸುವುದು ನಿಲ್ಲಬೇಕು. ಮನೆಯಲ್ಲಿ ಕೊಡ ಹೊರುವವರು ಅವರೇ. ನಡು ಗಟ್ಟಿ ಇರಬೇಕಾದ್ದು ಅವರಿಗೂ ತಾನೆ?

6. ಯಾವ ಶಾಲೆಯಲ್ಲೂ ಕಸರತ್ತನ್ನು ಶಿಕ್ಷೆಯಾಗಿ ಕೊಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದು ಅನ್ನುತ್ತದೆ. ಶಿಕ್ಷೆ ಅಂತ ಮಾಡಿದ್ದನ್ನು ಯಾರೂ ಪ್ರೀತಿಯಿಂದ ಮತ್ತೆ ಮಾಡುವುದಿಲ್ಲ.

7. ಇದು ಎಲ್ಲಕ್ಕಿಂತ ಮುಖ್ಯ. ಒಬ್ಬ "ಸಾಕು" ಅಂದರೆ ಸಾಕು. ಅವನ ಮೈ ನೋವು ಅವನಿಗೇ ಗೊತ್ತು, ಸುತ್ತ ನಿಂತು ಕಿರುಚುವವರಿಗೆ ಗೊತ್ತಾಗೋದಿಲ್ಲ.

ಈ ಲೇಖನ ಬರೆಯುವ ಮುಂಚೆ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿದೆ. "ಬರಿ. ಆದರೆ ಬೇರೆಯವರ ತಪ್ಪು ಬರೆಯೋ ಮುಂಚೆ ನಿನ್ನ ತಪ್ಪು ಬರಿ" ಅಂದರು. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ. ನಲವತ್ತಕ್ಕೆ ಕಾಲು ಬಿಡಬೇಕಾಗಿತ್ತು. ನಾನು ಬಿಡಲಿಲ್ಲ. ಒಂದು ತುಂಡು ಕಡ್ಲೆಮಿಠಾಯಿ ಆಸೆಗೆ.

ಈಗ ನನ್ನ ಗೆಳೆಯ ಗುಣವಾಗಿದ್ದಾನೆ. ಡಾಕ್ಟರು ನಿಧಾನವಾಗಿ ಶುರು ಮಾಡಬಹುದು ಅಂದಿದ್ದಾರೆ. ಮೊನ್ನೆ ನಾವಿಬ್ಬರೂ ಗೋಣಿಚೀಲ ಹಾಸಿ ಹೊಸ ಕ್ರಮದಲ್ಲಿ ಮಾಡಿದೆವು. ಎಂಟಕ್ಕೆ "ಸಾಕು ಕಣ್ಲಾ" ಅಂದ. ನಾನೂ "ಸಾಕು" ಅಂದೆ. ಅವರಮ್ಮ ಇನ್ನೂ ಒಪ್ಪಿಲ್ಲ. ಮುಂದಿನ ಭಾನುವಾರ ನಮ್ಮ ತಾತನನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತೇನೆ.

ಅತಿಯಾದರೆ ಅಮೃತವೂ ವಿಷ. ಶಕ್ತಿಗಿಂತ ಯುಕ್ತಿ ಮೇಲು. ಇವೆರಡು ಗಾದೆಗಳನ್ನು ನಾವು ಕಾಪಿ ಪುಸ್ತಕದಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಇನ್ನು ಮೈದಾನದಲ್ಲೂ ಪಾಲಿಸೋಣ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಬಹುದು. ತಪ್ಪಿದ್ದರೆ ತಿದ್ದಿ, ಗುರುಹಿರಿಯರು ಕ್ಷಮಿಸಿ.

ಇತಿ,
ನಿಮ್ಮ ಸಹಪಾಠಿ,
7ನೇ ತರಗತಿ, ಕಿಟಕಿ ಸಾಲು