ಬಟನ್‌ಗಿಂತ ಮೊದಲು ತೂಕ ನೋಡಿ

ಮಳೆಗಾಲಕ್ಕೆ ಮುಂಚೆ ನಮ್ಮ ಪಿಕಪ್‌ಗೆ ಆಲ್-ಟೆರೇನ್ ಟೈರ್ ಹಾಕಿಸಲು ಅಪ್ಪನ ಜೊತೆ ಹೋಗಿದ್ದೆ. ಅಂಗಡಿಯವರು ದಪ್ಪ ಬಟನ್ ತೋರಿಸಿ, 'ಎಂಥ ಕೆಸರಾದರೂ ಸರಿ' ಎಂದರು. ಅಪ್ಪನಿಗೂ ಹಿಡಿಸಿತು. ನಾನು ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಲೋಡ್ ಇಂಡೆಕ್ಸ್ ಹುಡುಕಿದೆ: 100. ಅಂದರೆ ಒಂದು ಟೈರ್ ಹೊರುವುದು 800 ಕೆ.ಜಿ.

'ನಾಲ್ಕು ಸೇರಿ 3,200 ಆಯ್ತಲ್ಲ, ನಿಮ್ಮ ಗಾಡಿ ಲೋಡ್ ಸೇರಿ 2,900' ಎಂದು ಅವರು ವಾದಿಸಿದರು. ಆದರೆ ಅಡಿಕೆ ಮೂಟೆಗಳು ನಾಲ್ಕೂ ಚಕ್ರಕ್ಕೆ ಸಮನಾಗಿ ಕೂರುತ್ತವೆಯೇ? ನಮ್ಮ ಗಾಡಿಯ ಹಿಂದಿನ ಆಕ್ಸಲ್ ಮೇಲೇ 1,900 ಬೀಳುತ್ತದೆ. ಒಂದೊಂದು ಟೈರಿಗೆ 950. ಕನಿಷ್ಠ 106 ಬೇಕು. 1,000 ಕೆ.ಜಿ. ಹೊರುವ 108 ತೆಗೆದುಕೊಂಡೆವು. ಬೆಲೆ ಹೆಚ್ಚೇ, ಅಪ್ಪ ಗೊಣಗಿದರು. ಇನ್ನೂ ಗಟ್ಟಿಯದು ಬೇಡವೆಂದೆ. ಖಾಲಿ ಗಾಡಿ ಸುಮ್ಮನೆ ಕುಲುಕುತ್ತದೆ.

ಈ ಲೆಕ್ಕವೂ ನಿಗದಿತ ಗಾಳಿ ಇದ್ದರೆ ಮಾತ್ರ. ಕೆಸರಿಗೆಂದು ಗಾಳಿ ಇಳಿಸಿ, ಹಾಗೇ ಲೋಡ್ ಹೊತ್ತು ಟಾರು ರಸ್ತೆಗಿಳಿದರೆ ಟೈರಿನ ಪಕ್ಕ ಮಡಚಿ ಮಡಚಿ ಕಾದು ಒಡೆಯಬಹುದು, ಅದೂ ಘಾಟಿಯ ತಿರುವಿನಲ್ಲಿ.

ಟೈರ್ ಬಿಲ್‌ನಲ್ಲಿ ಅಳತೆಯ ಜೊತೆ ಲೋಡ್ ಇಂಡೆಕ್ಸನ್ನೂ ಬರೆದುಕೊಡುವುದು ಕಡ್ಡಾಯವಾಗಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಲೋಡ್ ಗಾಡಿ ಇರುವವರು ಇವತ್ತೇ ಒಮ್ಮೆ ಬಗ್ಗಿ ಆ ಸಂಖ್ಯೆ ಓದಿ.