ಬೇಲಿಯೇ ಎದ್ದು ಹೊಲ ಮೇಯ್ದರೆ?

‘ಡಾಕ್ಟರೇ, ರೋಗನಿರೋಧಕ ಶಕ್ತಿ ಹೆಚ್ಚಲು ಒಂದು ಟಾನಿಕ್ ಬರೆದುಕೊಡಿ.’ ಕ್ಯಾನ್ಸರ್ ಎಂದು ತಿಳಿದ ಕೂಡಲೇ ರೋಗಿಯ ಮನೆಯವರು ಹೀಗೆ ಕೇಳುವುದುಂಟು. ಶಕ್ತಿ ಕುಂದಿದ್ದರಿಂದಲೇ ಗಡ್ಡೆ ಬಂತು, ಶಕ್ತಿ ತುಂಬಿದರೆ ಅದು ಕರಗೀತು ಎಂಬುದು ಇದರ ಹಿಂದಿರುವ ನಂಬಿಕೆ. ಆದರೆ ದೇಹದೊಳಗೆ ನಡೆಯುವುದು ಅಷ್ಟು ಸರಳವಲ್ಲ.

ರೋಗಗಳೊಡನೆ ಹೋರಾಡುವ ಬಿಳಿ ರಕ್ತಕಣಗಳ ಮೂಲ ಅಸ್ಥಿಮಜ್ಜೆ. ಇವುಗಳಲ್ಲಿ ‘ಟಿ’ ಕಣಗಳು ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಇನ್ನೊಂದು ಗುಂಪು ಮೈಲಾಯ್ಡ್ ಕಣಗಳದು. ಸೋಂಕು ತಗುಲಿದಾಗ, ಗಾಯವಾದಾಗ ಮೊದಲು ಧಾವಿಸುವವು ಇವು.

ಗಡ್ಡೆ ಬೆಳೆದಂತೆಲ್ಲ ಕೆಲವು ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತದೆ. ಇದರಿಂದ ಪ್ರಚೋದನೆಗೊಂಡ ಮಜ್ಜೆಯು ಪೂರ್ತಿ ಬಲಿಯದ ಮೈಲಾಯ್ಡ್ ಕಣಗಳನ್ನು ಅವಸರದಲ್ಲಿ ಹೊರಗೆ ಕಳುಹಿಸುತ್ತದೆ. ಇವು ಗಡ್ಡೆಯಲ್ಲಿ ಸೇರಿಕೊಂಡು ಟಿ ಕಣಗಳನ್ನೇ ಅಡಗಿಸತೊಡಗುತ್ತವೆ. ಟಿ ಕಣಗಳ ವೃದ್ಧಿಗೆ ಬೇಕಾದ ಆರ್ಜಿನಿನ್ ಎಂಬ ಪೋಷಕಾಂಶವನ್ನು ಒಡೆದು ಬರಿದುಮಾಡುತ್ತವೆ; ನೈಟ್ರಿಕ್ ಆಕ್ಸೈಡ್‌ನಂತಹ ವಸ್ತುಗಳಿಂದ ಅವುಗಳ ಕೈಕಟ್ಟುತ್ತವೆ; ಗಡ್ಡೆಗೆ ಹೊಸ ರಕ್ತನಾಳಗಳು ಬೆಳೆಯಲೂ ನೆರವಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ವಿಜ್ಞಾನಿಗಳು 2007ರಲ್ಲಿ ಇವಕ್ಕೆ ‘ಮೈಲಾಯ್ಡ್ ಮೂಲದ ನಿಗ್ರಾಹಕ ಕಣಗಳು’ ಎಂಬ ಅರ್ಥದ ಹೆಸರನ್ನು ಸೂಚಿಸಿದರು.

ಅಂದರೆ ಇಲ್ಲಿನ ತೊಂದರೆ ಕೇವಲ ಶಕ್ತಿಯ ಕೊರತೆಯಲ್ಲ. ಇರುವ ಶಕ್ತಿಗೆ ಬಿದ್ದಿರುವ ತಡೆ. ಬಿಳಿ ರಕ್ತಕಣಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ರಕ್ಷಣೆ ಹೆಚ್ಚಿತೆಂದು ತಿಳಿಯಬಾರದು. ಯಾವ ಟಾನಿಕ್ಕೂ ಈ ತಡೆಯನ್ನು ತೆಗೆಯುತ್ತದೆಂದು ಸಿದ್ಧವಾಗಿಲ್ಲ.

ಟಿ ಕಣಗಳ ಮೇಲಿರುವ ಬೇರೊಂದು ಬಗೆಯ ತಡೆಯನ್ನು ತೆಗೆಯುವ ಔಷಧಗಳು ಈಗ ಬಳಕೆಯಲ್ಲಿವೆ. ಅದಕ್ಕೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು. ಆದರೂ ಅನೇಕ ರೋಗಿಗಳಲ್ಲಿ ಈ ಔಷಧಗಳು ಫಲ ಕೊಡುವುದಿಲ್ಲ. ಅದಕ್ಕಿರುವ ಕಾರಣಗಳಲ್ಲಿ ಈ ನಿಗ್ರಾಹಕ ಕಣಗಳೂ ಒಂದು. ಇವನ್ನೇ ಹತೋಟಿಗೆ ತರುವ ಔಷಧಗಳ ಪ್ರಯೋಗಗಳು ನಡೆದಿವೆ.

ಹಾಗಾದರೆ ನಾವೇನು ಮಾಡಬೇಕು? ತಲೆ-ಕುತ್ತಿಗೆ, ಸ್ತನ ಹಾಗೂ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಯುಕ್ತ ಸುಳಿವು ಕೊಡುತ್ತದೆ. ರೋಗದ ಹಂತ ಮುಂದುವರಿದಂತೆ ರಕ್ತದಲ್ಲಿ ಇಂತಹ ಬಲಿಯದ ಕಣಗಳು ಹೆಚ್ಚಾಗಿದ್ದವು. ಶಸ್ತ್ರಚಿಕಿತ್ಸೆಯಿಂದ ಗಡ್ಡೆ ತೆಗೆದಾಗ ಕಡಿಮೆಯಾದವು. ಬೇಗ ಪತ್ತೆ ಹಚ್ಚಿ ಗಡ್ಡೆಗೆ ಚಿಕಿತ್ಸೆ ಮಾಡಿಸುವುದು ಏಕೆ ಮುಖ್ಯ ಎಂಬುದಕ್ಕೆ ಇದು ಇನ್ನೊಂದು ಕಾರಣ.

ಆದ್ದರಿಂದ ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ವಾಸಿಯಾಗದ ಗೊಗ್ಗರು ದನಿ, ಕಫದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ – ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪರೀಕ್ಷೆ ಮಾಡಿಸಿ. ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟು ಬಿಡಿ. ರೋಗಿಗೆ ಬೇಳೆ, ಮೊಟ್ಟೆ, ಹಾಲಿನಂತಹ ಪೌಷ್ಟಿಕ ಆಹಾರ ಖಂಡಿತ ಬೇಕು. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಯಾವುದೇ ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದರೆ ಚಿಕಿತ್ಸೆ ನೀಡುವ ವೈದ್ಯರಿಗೆ ಮುಚ್ಚಿಡದೆ ತಿಳಿಸಿ; ಕೆಲವು ಔಷಧಗಳೊಡನೆ ಅವು ಹೊಂದುವುದಿಲ್ಲ.

ಜಾಹೀರಾತು ನೋಡಿ ಟಾನಿಕ್ ತಂದು ಒಂದೆರಡು ತಿಂಗಳು ಕಾದು ನೋಡುವವರಿಗೆ ನನ್ನ ಮಾತು ಇಷ್ಟೇ: ನೀವು ಕಾಯಬಹುದು, ಗಡ್ಡೆ ಕಾಯುವುದಿಲ್ಲ.