ಚಳಿ ಎಂದರೆ ಕೆಸರಲ್ಲ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ವೃದ್ಧಾಶ್ರಮಗಳ ಕುರಿತು ಬರೆದ ಲೇಖನವನ್ನು ವಾಚಕರು ಓದಿರಬಹುದು. ಹೆತ್ತವರನ್ನು ಪರರ ಆರೈಕೆಗೆ ಒಪ್ಪಿಸುವುದು ಪಾಶ್ಚಾತ್ಯರ ಎಂಜಲೆಂದೂ, ಶ್ರವಣಕುಮಾರನ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಅಂಥ ಮಕ್ಕಳಿಗೆ ಕ್ಷಮೆಯಿಲ್ಲವೆಂದೂ ಅವರು ತೀರ್ಪು ಕೊಟ್ಟಿದ್ದಾರೆ. ಅವರ ವಯಸ್ಸಿಗೂ, ಕನ್ನಡಕ್ಕಾಗಿ ಅವರು ಸವೆಸಿದ ಚಪ್ಪಲಿಗಳಿಗೂ ನಾನು ತಲೆಬಾಗುತ್ತೇನೆ. ಅವರ ತೀರ್ಪಿಗೆ ತಲೆಬಾಗಲಾರೆ. ಹೆಸರಿಸದೆ ಅವರು ಬೈದ ಮಕ್ಕಳಲ್ಲಿ ನಾನೂ ಒಬ್ಬಳು. ಕಳೆದ ವರ್ಷದ ಆಟಿ ತಿಂಗಳ ಮಳೆಯಲ್ಲಿ ನನ್ನ ತಂದೆಯವರನ್ನು ಚಂದ್ರಗಿರಿ ಹೊಳೆಯಾಚೆಯ ಒಂದು ಆರೈಕೆಯ ಮನೆಗೆ ಸೇರಿಸಿ ಬಂದವಳು ನಾನು.

ತಂದೆಯವರು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವರು. ಈ ಪತ್ರಿಕೆಯನ್ನು ಓದುವ ಅಧ್ಯಾಪಕರಲ್ಲಿ ಕೆಲವರು ಅವರ ಕೈಯಲ್ಲಿ ಮಗ್ಗಿ ಕಲಿತವರೇ ಇರಬಹುದು. 2019ರಲ್ಲಿ ಮೊದಲು ಅವರಿಂದ ತಪ್ಪಿದ್ದು ಹೆಸರುಗಳು. ಬಳಿಕ ಅಂಚೆಕಚೇರಿಯಿಂದ ಮನೆಗೆ ಬರುವ ದಾರಿ. ಆಮೇಲೆ ಹಗಲು ಯಾವುದು ರಾತ್ರಿ ಯಾವುದು ಎಂಬುದು. ನಡುರಾತ್ರಿಯಲ್ಲಿ ಎದ್ದು, ಕೊಡೆ ಹಿಡಿದು, “ಬೆಲ್ ಆಯಿತು” ಎಂದು ಶಾಲೆಗೆ ಹೊರಡುವರು. ಒಂದು ರಾತ್ರಿ ಎರಡು ಗಂಟೆಗೆ ಬಾವಿಯ ದಂಡೆಯ ಮೇಲೆ ಕುಳಿತಿದ್ದರು. ನಾನು ಹತ್ತಿರ ಹೋದಾಗ ಗೌರವದಿಂದ ಎದ್ದು ನಿಂತು, “ಬನ್ನಿ, ನಿಮ್ಮ ಹುಡುಗ ಯಾವ ಕ್ಲಾಸು?” ಎಂದು ಕೇಳಿದರು. ನನ್ನನ್ನು ಹುಟ್ಟಿದಂದಿನಿಂದ “ಮಗಾ” ಎಂದು ಕರೆದ ಬಾಯಿ ಅದು.

ತಾಯಿ ಇಲ್ಲ. ಅಣ್ಣ ಕೊಲ್ಲಿ ರಾಷ್ಟ್ರದಲ್ಲಿದ್ದಾನೆ. ಮನೆಯವರದೂ ನನ್ನದೂ ಸಂಬಳದ ಕೆಲಸ, ಮಕ್ಕಳಿಬ್ಬರೂ ಚಿಕ್ಕವರು. ಹಗಲು ಹೊತ್ತು ನೋಡಿಕೊಳ್ಳಲೆಂದು ಗೊತ್ತು ಮಾಡಿದ ಹೆಂಗಸರು ಒಬ್ಬರಾದ ಮೇಲೊಬ್ಬರು ತಿಂಗಳೊಳಗೆ ಬಿಟ್ಟುಹೋದರು. ಅನಂತರ ನಾನು ಮಾಡಿದ್ದನ್ನು ಇಲ್ಲಿ ಮರೆಮಾಚದೆ ಬರೆಯುತ್ತೇನೆ. ಮೂರು ತಿಂಗಳ ಕಾಲ ದಿನವೂ ಬೆಳಿಗ್ಗೆ ಒಂಬತ್ತು ಗಂಟೆಗೆ ತಂದೆಯವರನ್ನು ಕೋಣೆಯೊಳಗೆ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ, ಶಾಲೆಗೆ ಹೋಗಿ ಮಕ್ಕಳಿಗೆ ಶ್ರವಣಕುಮಾರನ ಕಥೆ ಹೇಳಿದೆ. ಸಂಜೆ ಬಂದು ಚಿಲಕ ತೆಗೆದಾಗ ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳಿರುತ್ತಿದ್ದವು.

ಆ ಮೂರು ತಿಂಗಳೂ ನೆಂಟರಿಷ್ಟರು ನನ್ನನ್ನು ಹೊಗಳಿದರು. “ಮಗಳೆಂದರೆ ಹೀಗಿರಬೇಕು” ಎಂದರು. ಚಿಲಕ ಯಾರಿಗೂ ಕಾಣಲಿಲ್ಲ. ಕಂಡವರು ಅದನ್ನು ಭಕ್ತಿಯ ಲೆಕ್ಕಕ್ಕೆ ಜಮೆ ಮಾಡಿದರು. ರಾತ್ರಿಯೂ ಎಚ್ಚರವಿರುವ ಜನರಿದ್ದು, ಸುತ್ತ ಗೋಡೆಯಿದ್ದು, ಗೋಡೆಯೊಳಗೆ ಇಷ್ಟಬಂದಂತೆ ನಡೆದಾಡಬಹುದಾದ ಮನೆಯೊಂದಕ್ಕೆ ಅವರನ್ನು ಕರೆದೊಯ್ದ ದಿನದಿಂದ ನಾನು ಪಾಪಿ. ಕೋಣೆಯಲ್ಲಿ ಕೂಡಿಹಾಕಿದವಳು ಪುಣ್ಯವಂತೆ, ಅಂಗಳಕ್ಕೆ ಬಿಟ್ಟವಳು ಪಾಪಿ! ಈ ಧರ್ಮಶಾಸ್ತ್ರ ಎಲ್ಲಿಯದೆಂದು ಹಿರಿಯರನ್ನು ಕೇಳುತ್ತೇನೆ.

ಅವರ ಲೇಖನದಲ್ಲಿ ‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆ ಎರಡು ಬಾರಿ ಬಂದಿದೆ. ವಯಸ್ಸಾದ ಮೇಲೆ ಮರೆವು ಸಹಜ, ಪ್ರೀತಿಯೇ ಅದಕ್ಕೆ ಮದ್ದು ಎಂಬುದು ಅವರ ತಾತ್ಪರ್ಯ. ಅಧ್ಯಾಪಕಿಯಾದ ನನಗೆ ಈ ಗಾದೆಯ ಲೆಕ್ಕವೇ ತಪ್ಪೆಂದು ತೋರುತ್ತದೆ. ನಮ್ಮ ದೇಶದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಅರುವತ್ತು ದಾಟಿದವರಲ್ಲಿ ಡಿಮೆನ್ಶಿಯಾ ಎಂಬ ಈ ರೋಗವಿರುವವರು ನೂರಕ್ಕೆ ಸುಮಾರು ಏಳು ಮಂದಿ. ಒಟ್ಟು ಸುಮಾರು 88 ಲಕ್ಷ. ಇದು ಮುಪ್ಪಿನ ಗುಣವೇ ಆಗಿದ್ದಲ್ಲಿ ಉಳಿದ ತೊಂಬತ್ತಮೂರು ಮಂದಿಯನ್ನು ಅದೇಕೆ ಬಿಟ್ಟಿತು? ಜರ್ಮನಿಯ ವೈದ್ಯ ಅಲ್ಜೈಮರ್ 1906ರಲ್ಲಿ ಈ ಬಗೆಯ ಕಾಯಿಲೆಯೊಂದನ್ನು ವಿದ್ವಾಂಸರ ಮುಂದೆ ವಿವರಿಸಿದರು. ಅದಕ್ಕೆ ಆಧಾರಳಾದ ಹೆಂಗಸು 1901ರಲ್ಲಿ ಆಸ್ಪತ್ರೆಗೆ ಸೇರುವಾಗ ಅವಳಿಗೆ 51 ವರ್ಷ. ಗಾದೆಯ ಅರುವತ್ತಕ್ಕೆ ಇನ್ನೂ ಒಂಬತ್ತು ಬಾಕಿ. ತೀರಿಕೊಂಡ ಮೇಲೆ ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು ಅವರು ತೋರಿಸಿದರು. ಹೀಗೆ ಕಣ್ಣಾರೆ ಕಂಡ ರೋಗವನ್ನು ನೂರಕ್ಕೂ ಹೆಚ್ಚು ವರ್ಷಗಳ ಬಳಿಕವೂ ನಾವು ಗಾದೆಯಿಂದ ವಾಸಿಮಾಡುತ್ತಿದ್ದೇವೆ. ಪ್ರೀತಿ ಬೇಕು, ಇಲ್ಲವೆನ್ನುವುದಿಲ್ಲ. ಮೂಳೆ ಮುರಿದವನಿಗೂ ಪ್ರೀತಿ ಬೇಕು. ಆದರೆ ಹಲಗೆ ಕಟ್ಟಬಾರದೆಂದು ಯಾರೂ ಲೇಖನ ಬರೆಯುವುದಿಲ್ಲ.

ಶ್ರವಣಕುಮಾರನ ವಿಚಾರ. ಅವನ ತಂದೆತಾಯಿಗಳು ಕುರುಡರು, ಮರೆತವರಲ್ಲ. ಕಾವಡಿಯಲ್ಲಿ ಕುಳಿತಿರಬೇಕೆಂಬ ಬುದ್ಧಿ ಅವರಿಗಿತ್ತು. ಮಗನ ದನಿಯ ಗುರುತಿತ್ತು. ಅವನಿಗೆ ಬೇರೆ ಉದ್ಯೋಗವಿರಲಿಲ್ಲ, ಎಳೆಯ ಮಕ್ಕಳಿರಲಿಲ್ಲ. ಅಷ್ಟಾಗಿಯೂ, ಅವನೊಬ್ಬನು ನೀರಿಗೆ ಹೋದ ಗಳಿಗೆಯಲ್ಲೇ ಆ ಕುಟುಂಬ ಮುಗಿದುಹೋಯಿತೆಂಬುದನ್ನು ಕಥೆ ಹೇಳುವ ನಾವು ಗಮನಿಸಿದ್ದೇವೆಯೆ? ಹೊರುವ ಹೆಗಲು ಒಂದೇ ಆದರೆ ಆಗುವುದು ಅದೇ. ಇನ್ನೊಂದು ಮಾತು. ಶ್ರವಣನು ಗಂಡುಮಗನು. ನಮ್ಮ ಊರುಗಳಲ್ಲಿ ಕಾವಡಿಯನ್ನು ಹೊರುವವರು ಯಾರು? ಮಗಳು, ಇಲ್ಲವೆ ಸೊಸೆ. ಭಾಷಣ ಮಾಡುವವರ ಹೆಗಲಮೇಲೆ ನಾನು ಇದುವರೆಗೆ ಕಂಡದ್ದು ಸನ್ಮಾನದ ಶಾಲು ಮಾತ್ರ. (ಸಂಪಾದಕರು ಈ ವಾಕ್ಯವನ್ನು ಹೊಡೆದುಹಾಕಲಾರರೆಂದು ನಂಬಿದ್ದೇನೆ.)

ಎಲ್ಲ ಆರೈಕೆಯ ಮನೆಗಳೂ ಒಳ್ಳೆಯವೆಂದು ನಾನು ವಾದಿಸುತ್ತಿಲ್ಲ. ನಾನು ನೋಡಿದ ಐದರಲ್ಲಿ ಎರಡರ ಬಾಗಿಲಲ್ಲೇ ವಾಸನೆಗೆ ಹಿಂದಿರುಗಿದ್ದೇನೆ. ಹಣದ ತೊಂದರೆಯನ್ನು ಹೇಳಹೊರಟರೆ ಪುಟ ಸಾಲದು.

ಹಿರಿಯರು ನನ್ನನ್ನು ಬೈಯತಕ್ಕ ನಿಜವಾದ ಕಾರಣ ಇನ್ನೊಂದಿತ್ತು. ಅದನ್ನು ಅವರು ಕಾಣಲಿಲ್ಲ, ನಾನೇ ಹೇಳುತ್ತೇನೆ. ತಂದೆಯವರನ್ನು ಅವರ ಭಾಷೆಯಿಲ್ಲದ ಕಡೆಗೆ ಕಳುಹಿಸಿದೆ.

ಅವರು ಮಲೆಯಾಳವನ್ನು ಬಲ್ಲವರಾಗಿದ್ದರು. ಇಲಾಖೆಯ ಕಾಗದಪತ್ರಗಳಿಗಾಗಿ ಕಲಿತರು, ಪೇಟೆಯಲ್ಲಿ ಆಡಿದರು, ಪತ್ರಿಕೆಯನ್ನೂ ಓದುತ್ತಿದ್ದರು. ಈ ರೋಗ ಹೊಸ ನೆನಪುಗಳನ್ನು ಮೊದಲು ಅಳಿಸುತ್ತದೆ, ಹಳೆಯವು ಹೆಚ್ಚು ಕಾಲ ನಿಲ್ಲುತ್ತವೆ. ತಡವಾಗಿ ಕಲಿತ ಭಾಷೆಯೂ ಹಲವರಲ್ಲಿ ಹೀಗೆಯೇ ಮೊದಲು ಜಾರಿಹೋಗುತ್ತದೆ. ತಂದೆಯವರಲ್ಲಿ ಎರಡು ವರ್ಷಗಳೊಳಗೆ ಮಲೆಯಾಳವು ಬೇರುಸಹಿತ ಹೋಯಿತು. ತೊಟ್ಟಿಲಿನಲ್ಲಿ ಕೇಳಿದ ಕನ್ನಡ ಉಳಿಯಿತು. ಟಿ.ಟಿ.ಸಿ. ತರಗತಿಯಲ್ಲಿ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರವನ್ನು ನಾನು ಕಂಠಪಾಠ ಮಾಡಿದ್ದೆ. ತಿಳಿದುದು ದಿನದಿನಕ್ಕೆ ಕುಗ್ಗುತ್ತಿರುವವನಿಗೆ ಹೇಗೆ ಪಾಠ ಹೇಳಬೇಕೆಂಬುದನ್ನು ಆ ತರಗತಿ ಕಲಿಸಲಿಲ್ಲ.

ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 648 ರೋಗಿಗಳನ್ನು ಪರಿಶೀಲಿಸಿದ ವೈದ್ಯರು, ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಈ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿಕೊಂಡಿತೆಂದು 2013ರಲ್ಲಿ ಪ್ರಕಟಿಸಿದರು. ಗಡಿನಾಡಿನ ನಾವು ಇದನ್ನೋದಿ ಹಿಗ್ಗಬಹುದು. ಆದರೆ ಅವರು ಬರೆದದ್ದು ‘ತಡವಾಗಿ’ ಎಂದೇ ಹೊರತು ‘ಬರುವುದಿಲ್ಲ’ ಎಂದಲ್ಲ. ಎರಡು ಭಾಷೆಗಳ ಬಲದಿಂದ ಕೆಲವು ವರ್ಷ ಗಳಿಸಿದವನು, ಕೊನೆಗೆ ಒಂದೇ ಭಾಷೆ ಉಳಿದಾಗ, ಅದನ್ನು ಅರಿಯದವರ ನಡುವೆ ಕೂರಬೇಕಾಗಿ ಬಂದರೆ ಆ ಲಾಭವನ್ನು ಯಾರ ಹೆಸರಿಗೆ ಬರೆಯೋಣ?

ಸೇರಿಸುವ ಮೊದಲು ಆಸ್ಪತ್ರೆಯೊಂದರಲ್ಲಿ ಅವರ ನೆನಪಿನ ಪರೀಕ್ಷೆಯಾಯಿತು. ಇಂದು ಯಾವ ದಿನ, ಇದು ಯಾವ ತಿಂಗಳು, ಈ ಮೂರು ಹೆಸರುಗಳನ್ನು ಮತ್ತೆ ಹೇಳಿ—ಎಲ್ಲವೂ ಮಲೆಯಾಳದಲ್ಲಿ. ತಂದೆಯವರು ಮುಗುಳ್ನಕ್ಕು ಕುಳಿತಿದ್ದರು. ಕನ್ನಡದಲ್ಲಿ ಕೇಳಬಾರದೇ ಎಂದೆ. ವೈದ್ಯರು ಸಜ್ಜನರು, “ನೀವೇ ಕೇಳಿ” ಎಂದರು. ಕೇಳಿದೆ. ದಿನ ಹೇಳಲಿಲ್ಲ, ತಿಂಗಳೆಂದೊಡನೆ ಚೈತ್ರದಿಂದ ಫಾಲ್ಗುಣದವರೆಗೆ ತಡವರಿಸದೆ ಒಪ್ಪಿಸಿ, “ಕೂತುಕೊಳ್ಳಿ” ಎಂದು ವೈದ್ಯರಿಗೆ ಅಪ್ಪಣೆ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಇಂಥ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆಯೆಂದು ಆಮೇಲೆ ತಿಳಿದೆ. ಕನ್ನಡದ ಪರೀಕ್ಷೆ ಇದೆ, ಕನ್ನಡದ ರೋಗಿಯೂ ಇದ್ದಾನೆ. ನಡುವಿನ ಮೇಜಿನ ಮೇಲೆ ಅದು ಇಲ್ಲ.

ಆರೈಕೆಯ ಮನೆಗೆ ಸೇರಿಸಿದ ಎರಡನೆಯ ವಾರ ಹೋದಾಗ ಅಲ್ಲಿಯ ದಿನಚರಿ ಪುಸ್ತಕದಲ್ಲಿ ‘ಹಟಮಾರಿ, ರಾತ್ರಿ ಕೂಗಾಡುತ್ತಾರೆ’ ಎಂದು ಬರೆದಿತ್ತು. ಏನೆಂದು ಕೂಗಿದರೆಂದು ಆರೈಕೆಯ ಹುಡುಗಿಯನ್ನು ಕೇಳಿದೆ. “ಚಳಿ, ಚಳಿ ಎಂದರು” ಎಂದಳು. ಮಲೆಯಾಳದಲ್ಲಿ ‘ಚಳಿ’ ಎಂದರೆ ಕೆಸರು. ನಮ್ಮ ಚಳಿಗೆ ಅವರು ‘ತಣುಪ್ಪು’ ಎನ್ನುತ್ತಾರೆ. ಆ ಹುಡುಗಿ ದೀಪ ಹಚ್ಚಿ ನೆಲ ನೋಡಿದಳು, ಹಾಸಿಗೆ ನೋಡಿದಳು. ಕೆಸರು ಕಾಣದಿದ್ದರೂ ಮುದುಕರಿಗೆ ಸಮಾಧಾನವಾಗಲೆಂದು ಕಾಲು ತೊಳೆದಳು. ಮತ್ತೆ “ಚಳಿ” ಎಂದರು. ಮತ್ತೆ ತೊಳೆದಳು. ಆಟಿ ತಿಂಗಳ ರಾತ್ರಿಯಲ್ಲಿ ಮೂರು ಬಾರಿ, ತಣ್ಣೀರಿನಲ್ಲಿ. ಕೊನೆಗೆ ನಿದ್ರೆಯ ಮಾತ್ರೆ ಕೊಟ್ಟರು. ಕೋಣೆಯ ಕಪಾಟಿನಲ್ಲಿ ಮಡಿಸಿಟ್ಟ ಕಂಬಳಿ ಹಾಗೆಯೇ ಇತ್ತು.

ಆ ಹುಡುಗಿಯದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳು ಮಾಡಿದ್ದು ಸೇವೆಯೇ. ಅರ್ಥ ಹೇಳಿದಾಗ ಅವಳು ಅತ್ತುಬಿಟ್ಟಳು.

ಮಂಗಳೂರಿಗೆ ಕರೆದೊಯ್ಯಬಹುದಿತ್ತಲ್ಲ ಎನ್ನುವವರಿದ್ದಾರೆ. ನಾನು ವಿಚಾರಿಸಿದ ಕಡೆ ಅಲ್ಲಿಯ ವೆಚ್ಚ ನನ್ನ ಅಳವಿಗೆ ಮೀರಿತ್ತು. ಇನ್ನೂ ಒಂದು ಕಾರಣವುಂಟು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿಯನ್ನು ಮುಚ್ಚಿ, ರೋಗಿಗಳ ಆಂಬುಲೆನ್ಸುಗಳನ್ನೂ ತಡೆದದ್ದನ್ನು ಕಾಸರಗೋಡಿನವರಾರೂ ಮರೆತಿಲ್ಲ. ಕನ್ನಡವಿರುವ ಕಡೆ ಗಡಿ ಅಡ್ಡ, ಗಡಿಯಿಲ್ಲದ ಕಡೆ ಕನ್ನಡವಿಲ್ಲ. ನಮ್ಮ ಮುದುಕರು ಎಲ್ಲಿಗೆ ಹೋಗಬೇಕು?

ಕಾನೂನಿನ ಮಾತಿಗೆ ಬರೋಣ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ, ಹಿರಿಯರನ್ನು ತೊರೆದುಬಿಟ್ಟವರಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಜಿಲ್ಲೆಗೊಂದರಂತಾದರೂ ವೃದ್ಧಾಶ್ರಮವನ್ನು ಸರಕಾರ ತೆರೆಯಬಹುದೆನ್ನುತ್ತದೆ. ಅಲ್ಲಿ ಯಾವ ಭಾಷೆಯಲ್ಲಿ ಅವರನ್ನು ಮಾತಾಡಿಸಬೇಕೆಂಬುದನ್ನು ಹೇಳುವುದಿಲ್ಲ. 1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯವಿರಬೇಕೆಂಬ 350ಎ ವಿಧಿ ನಮಗೆ ದೊರೆಯಿತು. ನಾನು ಉಣ್ಣುವ ಅನ್ನವೇ ಆ ವಿಧಿಯದು. ಆರು ವರ್ಷದ ಮಗುವಿಗೆ 350ಎ ಇದೆ. ಮತ್ತೆ ಮಗುವಾದ ಎಪ್ಪತ್ತಾರರ ಮುದುಕನಿಗೆ ಯಾವ ವಿಧಿ?

ಈ ಪ್ರಶ್ನೆಯನ್ನು ಸರಕಾರಕ್ಕೆ ಕೇಳುವ ಮೊದಲು ನಮ್ಮ ಸಂಘಕ್ಕೆ ಕೇಳುತ್ತೇನೆ. ಬಸ್ಸಿನ ನಾಮಫಲಕದಲ್ಲಿ ಕನ್ನಡವಿಲ್ಲವೆಂದು ನಾವು ಮನವಿ ಕೊಟ್ಟಿದ್ದೇವೆ, ಪಠ್ಯಪುಸ್ತಕ ಬರಲಿಲ್ಲವೆಂದು ಧರಣಿ ಕೂತಿದ್ದೇವೆ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳೊಡನೆ ಬೀದಿಗಿಳಿದಿದ್ದೇವೆ. ಇವೆಲ್ಲವೂ ಸರಿ. ಆದರೆ ನಮ್ಮ ಯಾವ ಮನವಿಯಲ್ಲಾದರೂ ದಾದಿಯ ಮಾತು ಬಂದಿದೆಯೆ? ರಾತ್ರಿಪಾಳಿಯಲ್ಲಿ ಕನ್ನಡ ಬಲ್ಲವರೊಬ್ಬರಿರಲಿ, ನೆನಪಿನ ಪರೀಕ್ಷೆ ರೋಗಿಯ ಭಾಷೆಯಲ್ಲಾಗಲಿ ಎಂಬ ಒಂದು ನಿರ್ಣಯ ನಮ್ಮ ವಾರ್ಷಿಕ ಸಭೆಯಲ್ಲಿ ಮಂಡಿತವಾಗಿದೆಯೆ? ನಾಮಫಲಕವನ್ನು ಓದಲಾರದವನು ಪಕ್ಕದವನನ್ನು ಕೇಳಿಕೊಳ್ಳುತ್ತಾನೆ. ನನ್ನ ತಂದೆಯವರು ಯಾರನ್ನು ಕೇಳಬೇಕು? ಆಶ್ರಮಕ್ಕೆ ಸೇರಿಸಿದ ಮಕ್ಕಳನ್ನು ಬೈಯಲು ಎರಡು ಪುಟ ಕೊಟ್ಟ ಪತ್ರಿಕೆ ಇದಕ್ಕೆ ಅರ್ಧ ಪುಟವನ್ನಾದರೂ ಕೊಡಬೇಕಾಗಿತ್ತು.

ಬರಿದೆ ಬೈದು ಮುಗಿಸಿದೆನೆಂಬ ಮಾತು ಬಾರದಿರಲೆಂದು, ನಾನು ಮಾಡಿದ ಒಂದು ಸಣ್ಣ ಕೆಲಸವನ್ನು ಸಂಘದ ಮುಂದಿಡುತ್ತೇನೆ. ತಂದೆಯವರು ಈಗಲೂ ಆಡುವ ಮಾತುಗಳನ್ನು ಹಲವು ಭಾನುವಾರ ಅವರ ಬಳಿ ಕುಳಿತು ಬರೆದುಕೊಂಡೆ. ಚಳಿ, ಹಸಿವು, ನೀರು, ಸಾಕು, ಬೇಡ, ಉಚ್ಚೆ, ಹೊದಿಕೆ, ಹೆದರಿಕೆ, ಬಾಗಿಲು ತೆಗೆಯಿರಿ—ಒಟ್ಟು ನಲವತ್ತಮೂರು. ಕನ್ನಡದ ಮಾತನ್ನು ಮಲೆಯಾಳ ಲಿಪಿಯಲ್ಲಿ ಬರೆದು, ಎದುರಿಗೆ ಮಲೆಯಾಳದ ಅರ್ಥವನ್ನು ಹಾಕಿ, ಅವರ ಮಂಚದ ಬಳಿಯ ಗೋಡೆಗೆ ಅಂಟಿಸಿದ್ದೇನೆ. ಮಲೆಯಾಳ ಅಕ್ಷರಗಳನ್ನು ದುಂಡಗೆ ಬರೆದುಕೊಟ್ಟವನು ನನ್ನ ಹಳೆಯ ಶಿಷ್ಯ, ಈಗ ಹತ್ತನೆಯ ತರಗತಿಯವನು. ಆ ಹುಡುಗಿ ಒಂದು ವಾರದಲ್ಲಿ ಇಪ್ಪತ್ತನ್ನು ಕಲಿತಳು. ದಿನಚರಿ ಪುಸ್ತಕದಲ್ಲಿ ‘ಹಟಮಾರಿ’ ಎಂಬ ಪದ ಆಮೇಲೆ ಬಂದಿಲ್ಲ. ಅದೇ ಪಟ್ಟಿಯ ಪ್ರತಿಯನ್ನು ಈ ಲೇಖನದೊಡನೆ ಸಂಪಾದಕರಿಗೆ ಕಳುಹಿಸಿದ್ದೇನೆ. ಪತ್ರಿಕೆಯ ಒಂದು ಹಾಳೆ ಸಾಕು. ಇನ್ನೂರು ಪ್ರತಿ ತೆಗೆದರೆ, ಕನ್ನಡದ ಮುದುಕರಿರುವ ಮನೆಗಳಿಗೂ ಆಸ್ಪತ್ರೆಗಳಿಗೂ ಹಂಚಲು ನಾನೂ ನನ್ನ ಶಿಷ್ಯರೂ ಸಿದ್ಧರಿದ್ದೇವೆ. ಬೇರೆ ಶಾಲೆಗಳ ಅಧ್ಯಾಪಕರು ತಮ್ಮ ಮನೆಯ ಹಿರಿಯರ ಮಾತುಗಳನ್ನು ಸೇರಿಸಿದರೆ ಪಟ್ಟಿ ಇನ್ನೂ ಬೆಳೆದೀತು.

ತಂದೆಯವರು ದಿನವೂ ಬೆಳಿಗ್ಗೆ ಗಂಜಿಯಾದ ಬಳಿಕ ಪಡಸಾಲೆಯಲ್ಲಿ ನಿಂತು ಹೆಸರು ಕರೆಯುತ್ತಾರೆ. ಎಂದೋ ಓದಿ ಹೋದ ಮಕ್ಕಳ ಹೆಸರುಗಳು. ಅಲ್ಲಿ ಕುಳಿತ ಮುದುಕರಲ್ಲಿ ಕನ್ನಡ ಬಲ್ಲವರೊಬ್ಬರೂ ಇಲ್ಲ; ಆದರೂ ಪ್ರತಿಯೊಂದು ಹೆಸರಿಗೂ ಯಾರಾದರೊಬ್ಬರು “ಹಾಜರ್, ಮಾಷೇ” ಎನ್ನುತ್ತಾರೆ. ಆ ಒಂದು ಪದ ಎರಡು ಭಾಷೆಗಳಿಗೂ ಸಮಾನವಾದುದರಿಂದ ಅದನ್ನು ಪಟ್ಟಿಯಲ್ಲಿ ಸೇರಿಸಿಲ್ಲ.